ಚೆಂಡು ಬೀಳುವ ಮುನ್ನ

"ಇಲ್ಲಿ ಯಾರಾದ್ರೂ ಬರೋರಿದ್ದಾರಾ ಯಜಮಾನ್ರೇ?" ಎಂದು ಕ್ರೀಡಾಂಗಣದಲ್ಲಿ ಹಿಂದಿನ ಸಾಲಿನವನು ಕೇಳಿದಾಗ ದರ್ಜಿ, ಭಾರವಿಲ್ಲದಿದ್ದರೆ ತಾನೇ ಮಡಚಿಕೊಳ್ಳುವ ಪಕ್ಕದ ಕುರ್ಚಿಯ ಮೇಲಿದ್ದ ಕೈಚೀಲವನ್ನು ಇನ್ನಷ್ಟು ಒತ್ತಿಟ್ಟ. ಹೂಂ ಎಂದನೋ ಇಲ್ಲವೋ ಅವನಿಗೇ ತಿಳಿಯಲಿಲ್ಲ. ಹೆಂಡತಿ ತೀರಿಹೋದ ಮೇಲೆ ಅವನ ಮಾತು ಅವನಿಗೇ ಪಕ್ಕದ ಮನೆಯ ರೇಡಿಯೋದಂತೆ ಗೋಡೆಯಾಚೆಯಿಂದ ಕೇಳುತ್ತಿತ್ತು. ಅಳು ಬಂದಿರಲಿಲ್ಲ. ಇವತ್ತು ಗುಬ್ಬಿಯ ಕೊನೆಯ ಆಟವಂತೆ, ನೀವು ಹೋಗದಿದ್ದರೆ ಅತ್ತೆ ಸುಮ್ಮನಿರುತ್ತಿದ್ದರೇ ಮಾವ, ಎಂದು ಸೊಸೆಯೇ ಟಿಕೆಟ್ಟು ಕೈಗಿಟ್ಟು ಹೊರಡಿಸಿದ್ದಳು.

ಗುಬ್ಬಿ ಎಂದರೆ ಊರಿನ ಬ್ಯಾಸ್ಕೆಟ್‌ಬಾಲ್ ತಂಡದ ಪಾಯಿಂಟ್ ಗಾರ್ಡ್. ಎಲ್ಲರ ಮೊಣಕೈಗಳ ಅಡಿಯಲ್ಲಿ ನುಸುಳಿ ಚೆಂಡು ತಂದು, ಬುಟ್ಟಿಗೆ ಹಾಕುವ ಭಾಗ್ಯವನ್ನು ಇನ್ನೊಬ್ಬನಿಗೆ ಬಿಟ್ಟುಕೊಡುವವನು. ಪತ್ರಿಕೆಯಲ್ಲಿ ಅವನ ಹೆಸರು ಬಂದದ್ದೇ ಅಪರೂಪ. ಅಂಕ ತರುವುದಿಲ್ಲವೆಂದು ಈಗ ತಂಡವೂ ಕೈಬಿಟ್ಟಿತ್ತು. ಅವನನ್ನು ಮೊದಲು ಗುರುತಿಸಿದವಳು ದರ್ಜಿಯ ಹೆಂಡತಿ, ಅಂಗಡಿಯಲ್ಲಿ ಗುಂಡಿಯ ಕಾಜಾ ಹೊಲಿದು ಪಳಗಿದ ಕಣ್ಣಿನವಳು. "ಎಲ್ರೂ ಚೆಂಡು ನೋಡ್ತಾರೆ ಕಣ್ರೀ. ನೀವು ಆ ಹುಡುಗನ ಕೈ ನೋಡಿ. ಅವನು ಹಾಕಲ್ಲ, ಹಾಕಿಸ್ತಾನೆ." ಅಂದಿನಿಂದ ಅವರಿಬ್ಬರದೇ ಒಂದು ರೂಢಿ: ಚೆಂಡು ಗುಬ್ಬಿಯ ಕೈಬಿಟ್ಟೊಡನೆ ಚಪ್ಪಾಳೆ, ಇಡೀ ಅಂಗಣಕ್ಕಿಂತ ಒಂದು ಉಸಿರು ಮುಂಚೆ. ಅಕ್ಕಪಕ್ಕದವರು ನಗುತ್ತಿದ್ದರು: "ಉಣ್ಣೋಕ್ ಮುಂಚೆನೇ ತೇಗ್ತಾರಲ್ಲ ಇವ್ರು." ಚೆಂಡು ಬುಟ್ಟಿ ತಪ್ಪಿದರೂ ಅವಳು ಕೊಟ್ಟ ಚಪ್ಪಾಳೆಗೆ ನಾಚಿದವಳಲ್ಲ.

ಇಂದು ಗುಬ್ಬಿ ಕೊಟ್ಟ ಚೆಂಡುಗಳೆಲ್ಲ ಆ ಚಪ್ಪಾಳೆಯಿಲ್ಲದೆ ಹಾದುಹೋದವು. ದರ್ಜಿಯ ಕೈಗಳು ತೊಡೆಯ ಮೇಲೆ, ಗಿರಾಕಿ ಮರೆತುಹೋದ ಬಟ್ಟೆಯಂತೆ ಬಿದ್ದಿದ್ದವು. ಇಂದು ತಟ್ಟದಿದ್ದರೆ ಇನ್ನೆಂದೂ ತಟ್ಟುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆ ಅರಿವು ಕೈಗಳವರೆಗೆ ಇಳಿಯಲಿಲ್ಲ.

ಆಟ ಮುಗಿಯುತ್ತ ಬಂದಾಗ ಗುಬ್ಬಿ ಬುಟ್ಟಿಯ ಕೆಳಗೆ ಒಬ್ಬನೇ ಇದ್ದ, ಕೈಯಲ್ಲಿ ಚೆಂಡು, ಅಡ್ಡ ಯಾರೂ ಇಲ್ಲ. "ಇದೊಂದಾದ್ರೂ ನೀನೇ ಹಾಕೋ" ಎಂದು ಜನ ಎದ್ದು ನಿಂತರು. ಅವನು ಹಿಂದಿರುಗಿಯೂ ನೋಡದೆ ಚೆಂಡನ್ನು ಮೂಲೆಯಲ್ಲಿದ್ದ ಹೊಸ ಆಟಗಾರನಿಗೆ ಕೊಟ್ಟುಬಿಟ್ಟ.

ಒಂದು ಚಪ್ಪಾಳೆ ಕೇಳಿಸಿತು. ಅಂಗೈ ಉರಿದಾಗಲೇ ಅದು ತನ್ನದೆಂದು ದರ್ಜಿಗೆ ತಿಳಿದದ್ದು.

ಗುಬ್ಬಿ ತಲೆಯೆತ್ತಿದ. ಚೆಂಡು ಏನಾಯಿತೆಂದು ನೋಡಲಿಲ್ಲ. ಚಪ್ಪಾಳೆ ಬಂದ ಸಾಲನ್ನು ಹುಡುಕಿ ದರ್ಜಿಯನ್ನು ನೋಡಿದ, ಆಮೇಲೆ ಪಕ್ಕದಲ್ಲಿ ಅವಳು ಕೂರುತ್ತಿದ್ದ ಜಾಗದಲ್ಲಿದ್ದ ಕೈಚೀಲವನ್ನು ನೋಡಿದ, ಹಾಗೇ ನಿಂತ. ಜನರ ಕೂಗು ಆಮೇಲೆ ಎದ್ದಿತು.

ದರ್ಜಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡ. ಭಾರ ಕಳೆದ ಕುರ್ಚಿಯ ಹಲಗೆ ನಿಧಾನವಾಗಿ ಮೇಲೆದ್ದು ಮಡಚಿಕೊಂಡಿತು.