ಹದಿನೇಳನೆಯ ಚೌಕ

ಎಣ್ಣೆ ಅಂಟುಪಟ್ಟಿಯ ಅಂಚಿನಡಿ ನಿಧಾನವಾಗಿ ಇಳಿಯುತ್ತಿದೆ, ಬಿಳಿ ಬಟ್ಟೆ ಬೂದುಬಣ್ಣಕ್ಕೆ ತಿರುಗುತ್ತಿದೆ, ಅಂಟು ತಾನಾಗಿ ಸೋಲುವವರೆಗೆ ಕಾಯಬೇಕು, ಎಳೆಯಬಾರದು, ಎಳೆದರೆ ಈರುಳ್ಳಿಯ ಒಳಪೊರೆಯಂತೆ ಚರ್ಮವೂ ಜೊತೆಗೇ ಬರುತ್ತದೆ, ಈಸ್ಟರ್ ವಾರದಲ್ಲಿ ಹಾಗೇ ಬಂತು, ಅಂದು ಅಪ್ಪ ಕಿಟಕಿಯಾಚೆ ಮಾರ್ಗರೀ ನದಿ ನೋಡುತ್ತ ಬಾಯಲ್ಲೇ ಒಂದು ಧಾಟಿ ಗುನುಗಿದ, ನೋವು ಹೆಚ್ಚಾದಷ್ಟೂ ಧಾಟಿ ಬಿರುಸಾಯಿತು. ಈಗ ಗುನುಗುತ್ತಿಲ್ಲ. ಎಡಗಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದಾನೆ, ಮೊಣಕಾಲಿನ ಕೆಳಗಿನಿಂದ ಪಾದದ ಗಿಣ್ಣಿನವರೆಗೆ ಆ ಗಾಯ, ಫೆಬ್ರವರಿಯಲ್ಲಿ ಎದೆಯ ಆಪರೇಷನ್ನಿಗೆಂದು ಕಾಲಿನ ರಕ್ತನಾಳ ತೆಗೆದದ್ದು, ಎದೆ ಕೂಡಿಕೊಂಡಿತು, ಕಾಲು ಕೂಡಿಕೊಳ್ಳಲಿಲ್ಲ, ಈಗ ಜೂನ್. ಪಟ್ಟಿ ಅಂಟಿಸಿದಲ್ಲೆಲ್ಲ ಕೆಂಪು ಚೌಕಟ್ಟು, ಚೌಕಟ್ಟಿನ ತುಂಬ ಗುಳ್ಳೆ, ಗುಳ್ಳೆ ಒಡೆದು ರಸಿಕೆ, ರಸಿಕೆ ಹರಿದು ಗಾಯಕ್ಕೆ — ಏನೇ ಮರ್ಡೀನಾ, ಕಾಲು ಹುರಿಯೋಕೆ ಇಟ್ಟಿದೀಯಾ, ಎಷ್ಟು ಎಣ್ಣೆ ಸುರೀತೀಯ. ಸ್ವಲ್ಪ ತಡಿಯಪ್ಪ, ಅಂದೆ, ಅವನಿಗೆ ಕೇಳಿಸಿತೋ ಇಲ್ಲವೋ, ಕಿವಿ ಮಂದ, ಇನ್ನೊಮ್ಮೆ ಜೋರಾಗಿ ಹೇಳುವುದು ನನ್ನಿಂದಾಗದು, ನಾನು ಯಾವತ್ತೂ ಜೋರಾಗಿ ಹೇಳಿದವಳಲ್ಲ, ಹೇಳಬೇಕಾದದ್ದನ್ನೆಲ್ಲ ಡೈರಿಯಲ್ಲಿ ಬರೆದು ಮುಚ್ಚಿಡುವವಳು, ನಿನ್ನೆ ಬರೆದದ್ದು ಎರಡೇ ಪದ, ಹದಿನೇಳು, ರಾಳ. ಉಣ್ಣೆಯಂಗಿಯ ಬಲಜೇಬಿನಲ್ಲಿ ಆ ರಾಳದ ಬಿಲ್ಲೆ ತೊಡೆಗೆ ಒತ್ತುತ್ತಿದೆ.

ಎಷ್ಟು ಬಗೆಯ ಪಟ್ಟಿ ತಂದಳು ಎವ್ಲೀನ್, ಪಾಪ, ಮಂಗಳವಾರ ಮಂಗಳವಾರ ಮನೆಗೆ ಬರುವ ನರ್ಸು, ಬಟ್ಟೆಯದು, ಕಾಗದದ್ದು, ಗಾಜಿನಂತೆ ಪಾರದರ್ಶಕದ್ದು, ಪ್ರತಿಸಲವೂ ಇದು ಮೆತ್ತಗಿದೆ, ಇದು ಮಕ್ಕಳಿಗೂ ಹಾಕೋದು ಅನ್ನುತ್ತಿದ್ದಳು, ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ನವೆ, ಅಪ್ಪ ಅಮ್ಮನ ಹೆಣಿಗೆ ಕಡ್ಡಿಯಿಂದ ಕದ್ದು ಕೆರೆದುಕೊಳ್ಳುತ್ತಿದ್ದ. ಲಾಕೀ, ನಿಮ್ಮ ಚರ್ಮಕ್ಕೆ ನನ್ನ ಕಂಡ್ರೆ ಆಗಲ್ಲ ಅಂತ ಕಾಣುತ್ತೆ, ಅಂದಳು ಅಪ್ಪನಿಗೆ. ಚರ್ಮ ಪಾಪ ಬಾಯಿಬಿಟ್ಟು ಹೇಳ್ತಿದೆ ಎವ್ಲೀನ್, ನಾನು ಮರ್ಯಾದೆಗೆ ಸುಮ್ಮನಿದೀನಿ. ಅವಳು ನಕ್ಕಳು, ಜಗುಲಿಗೆ ಬಂದು ಬೂಟು ಹಾಕಿಕೊಳ್ಳುವಾಗ ನಗಲಿಲ್ಲ, ನೋಡು ಹುಡುಗಿ, ಇನ್ನೊಂದು ತಿಂಗಳು ಹೀಗೇ ಆದ್ರೆ ನಂಜು ಮೂಳೆಗೆ ಇಳಿಯುತ್ತೆ, ಆಮೇಲೆ ಡಾಕ್ಟರುಗಳು ಪಟ್ಟಿ ಮಾತಾಡಲ್ಲ, ಕಾಲು ತೆಗೆಯೋ ಮಾತೇ ಎತ್ತೋದು. ನಾನು ತಲೆಯಾಡಿಸಿದೆ. ನಾನೇ ಮಾಡಿದ್ದು ಅಂತ ಆಗ ಗೊತ್ತಿರಲಿಲ್ಲ. ಮಾರ್ಚಿನಲ್ಲಿ ಹಿಮ ಬಿದ್ದು ರಸ್ತೆ ಮುಚ್ಚಿ ಅವಳಿಗೆ ಮೂರು ವಾರ ಬರಲಾಗಲಿಲ್ಲ, ತಂದಿಟ್ಟಿದ್ದ ಪಟ್ಟಿ ಮುಗಿಯಿತು, ಅಮ್ಮನ ಡಬ್ಬೀದು ಹಾಕೇ, ಹಳೇದು, ಕಂದು ಬಣ್ಣದ್ದು, ಅದು ಹಿಡಿದ ಹಾಗೆ ಇವು ಯಾವ್ದೂ ಹಿಡಿಯಲ್ಲ, ಅಂದ ಅಪ್ಪ, ಅಮ್ಮ ಹೋಗಿ ಎರಡು ವರ್ಷ, ಅವಳ ತಗಡಿನ ಡಬ್ಬಿ ಹೊಲಿಗೆ ಕಪಾಟಿನಲ್ಲಿ ಇದ್ದಂತೆಯೇ ಇತ್ತು, ಮುಚ್ಚಳ ತೆಗೆದ ಕೂಡಲೆ ಆ ವಾಸನೆ — ನನಗೆ ಎಷ್ಟು ಸಂತೋಷವಾಯಿತು, ಪಿಟೀಲಿನ ಪೆಟ್ಟಿಗೆ ತೆರೆದಾಗ ಬರುತ್ತದಲ್ಲ ಅದೇ ವಾಸನೆ, ಪೈನ್ ಮರದ್ದು, ನಮ್ಮ ಮನೆಯ ವಾಸನೆ, ಮೂಗಿಗೆ ಹಿಡಿದು ಎರಡು ಸಲ ಮೂಸಿದೆ, ಮೂಸಿ ಅಪ್ಪನ ಕಾಲಿಗೆ ಸುತ್ತಿದೆ, ಮೂರು ವಾರ, ಪದವಿ ಪಡೆದವಳು, ಅಂಟಿನಲ್ಲಿ ಪೈನ್ ರಾಳ ಇದೆ ಅಂತಿದ್ದ ಡಬ್ಬಿಯ ಮೇಲಿನ ಸಣ್ಣಕ್ಷರ ಓದಲಿಲ್ಲ.

ಅಂಚು ಎದ್ದಿತು. ಉಗುರಿನಿಂದ ಅಲ್ಲ, ಬೆರಳ ತುದಿಯಿಂದ, ಚರ್ಮವನ್ನು ಕೆಳಗೆ ಒತ್ತಿ ಹಿಡಿದು ಪಟ್ಟಿಯನ್ನು ಹಿಂದಕ್ಕೆ ಮಡಚುತ್ತ, ಹೀಗೆ, ಇದು ಕೊನೆಯದು, ಇನ್ನು ಅಂಟೇ ಬೇಡ, ಬರೀ ಹತ್ತಿಬಟ್ಟೆ, ಅದರ ಮೇಲೆ ಕಾಲುಚೀಲದಂಥ ಬಲೆ, ಹ್ಯಾಲಿಫ್ಯಾಕ್ಸಿನ ಚರ್ಮದ ಡಾಕ್ಟರಮ್ಮ ಕೊಟ್ಟದ್ದು. ನಾಲ್ಕು ಗಂಟೆ ದಾರಿ, ಸೋಮವಾರ ಯಾವುದು ಆಗದು ಎಂದು ನೋಡಲು ಅಪ್ಪನ ಬೆನ್ನ ಮೇಲೆ ಚೌಕ ಚೌಕವಾಗಿ ಮೂವತ್ತು ವಸ್ತು ಅಂಟಿಸಿ ಶಾಯಿಯಲ್ಲಿ ನಂಬರು ಬರೆದರು, ಬುಧವಾರ ಕಿತ್ತರು, ಶುಕ್ರವಾರ ಚರ್ಮದ ಮೇಲಿನ ಗುರುತು ಓದಿದರು, ಅಷ್ಟೂ ದಿನ ಸ್ನಾನವಿಲ್ಲ, ಅಂಟು ಆಗದವನಿಗೆ ಅಂಟಿಂದಲೇ ಪರೀಕ್ಷೆ ನೋಡು, ನನ್ನ ಬೆನ್ನೀಗ ಕ್ಯಾಲೆಂಡರ್ ಆಯ್ತು ಕಣೇ, ಹದಿನೇಳನೇ ತಾರೀಕು ಏನಾದ್ರೂ ಹಬ್ಬ ಇದೆಯಾ, ಅಲ್ಲೇ ಕುಣೀತಿದೆ, ಅಂದ ಅಪ್ಪ. ಹದಿನೇಳರಲ್ಲಿ ಚರ್ಮ ಊದಿ ಕೆಂಪಗೆ ನಾಣ್ಯದಂತೆ ಎದ್ದಿತ್ತು. ಅಪ್ಪ ಅಂಗಿ ಹಾಕಿಕೊಳ್ಳುತ್ತಿರುವಾಗ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಕೇಳಿದಳು, ಹದಿನೇಳು ಪೈನ್ ರಾಳ, ಮರದ ಕೆಲಸ ಮಾಡ್ತಿದ್ರಾ, ಇಲ್ಲ, ಹಿಮ ತಳ್ಳುವ ಗಾಡಿ ಓಡಿಸ್ತಿದ್ದ, ಮತ್ತೆ ಪೈನ್ ರಾಳ ಎಲ್ಲಿಂದ ಬಂತು ಇಷ್ಟೊಂದು, ನಾನು ಎಡಗೈ ಗದ್ದದ ಕೆಳಗಿಟ್ಟು ಬಲಗೈಯಲ್ಲಿ ಗಾಳಿಯಲ್ಲಿ ಪಿಟೀಲಿನ ಕಮಾನು ಎಳೆದು ತೋರಿಸಿದೆ. ಅವಳು ಪೆನ್ನು ಕೆಳಗಿಟ್ಟಳು. ಎಷ್ಟು ವರ್ಷದಿಂದ. ಐವತ್ತೆರಡು. ಕಾಲು ಮಾಯೋವರೆಗೆ ಕಮಾನಿಗೆ ಉಜ್ಜೋ ಆ ರಾಳದ ಪುಡಿ ಮನೇಲೇ ಇರಬಾರದು, ಆಮೇಲೆ ಪೈನ್ ಇಲ್ಲದ್ದು ಏನಾದ್ರೂ ಸಿಗುತ್ತಾ ನೋಡೋಣ. ಆಮೇಲೆ ಅಂದರೆ ಯಾವಾಗ, ನಾನು ಕೇಳಲಿಲ್ಲ, ಎದೆಯ ಡಾಕ್ಟರು ಅವನಿಗೆ ಉಳಿದದ್ದು ಒಂದು ಬೇಸಿಗೆ, ಹೆಚ್ಚೆಂದರೆ ಎರಡು, ಅಂದದ್ದನ್ನು ಇವಳಿಗೆ ಹೇಳಲಿಲ್ಲ, ದಾರಿಯುದ್ದಕ್ಕೂ ಅಪ್ಪನಿಗೆ ರಾಳದ ಮಾತೂ ಹೇಳಲಿಲ್ಲ. ಅವನ ಗದ್ದದಡಿಯ ಕೆಂಪು ಮಚ್ಚೆ, ಪಿಟೀಲು ಬಾರಿಸುವವರಿಗೆಲ್ಲ ಇರುತ್ತೆ ಬಿಡು ಅನ್ನುತ್ತಿದ್ದಳು ಅಮ್ಮ, ಭಾನುವಾರ ಚರ್ಚಿಗೆ ಹೊರಡುವಾಗ ಅವನ ಕಪ್ಪು ಕೋಟಿನಿಂದ ಬಿಳಿ ಪುಡಿ ಕೊಡವುತ್ತ, ಹಿಟ್ಟಿನ ಗಿರಣಿಯವನನ್ನು ಕಟ್ಟಿಕೊಂಡ ಹಾಗಾಯ್ತು ನಂಗೆ. ಆ ಪುಡಿಯೇ. ಏಪ್ರಿಲಿನಿಂದ ದಿನಾ ಮೂರು ಗಂಟೆಗೆ ಇದೇ ಸ್ಟೂಲಿನ ಮೇಲೆ ಬೆತ್ತಲೆ ಕಾಲು ಚಾಚಿ, ಗಾಳಿ ಆಡಲಿ ಅಂತ, ಅವನು ಬಾರಿಸುತ್ತಿದ್ದ, ಮೊದಲು ಎರಡೂ ಪಾದ ನೆಲಕ್ಕೆ ಬಡಿದು ತಾಳ ಹಾಕುತ್ತಿದ್ದವನು ಈಗ ಒಂದೇ ಪಾದದಿಂದ, ಕಿಟಕಿಯ ಬಿಸಿಲಲ್ಲಿ ಪುಡಿ ಕಾಲಿನ ಮೇಲೆ ಇಳಿಯುವುದನ್ನು ನಾನು ಕಣ್ಣಾರೆ ಕಂಡಿದ್ದೆ, ಕಮಾನಿನಿಂದ ಹಿಟ್ಟು ಜರಡಿ ಹಿಡಿದ ಹಾಗೆ ಅಂತ ಡೈರಿಯಲ್ಲಿ ಬರೆದಿದ್ದೆ, ಚಂದ ಬಂತು ಅಂತ ಎರಡು ಸಲ ಓದಿಕೊಂಡಿದ್ದೆ.

ಆಯ್ತಾ. ಆಯ್ತಪ್ಪ. ನೋಯಲೇ ಇಲ್ಲ ನೋಡು, ಎವ್ಲೀನ್‌ಗೆ ಹೇಳ್ಬೇಡ, ಕೆಲಸ ಬಿಟ್ಟಾಳು. ಬಲೆ ಎಳೆದು ಕೂರಿಸಿದೆ, ಕಾಲು ಮೀನಿನಂತೆ ಬಲೆಯೊಳಗೆ. ಪಿಟೀಲು ಕೊಡು ಅಂದ, ಶನಿವಾರವಲ್ಲವೇ, ಸಂಜೆಗೆ ಪಿಟೀಲು ಕೇಳಲು ಅಡುಗೆಮನೆ ತುಂಬ ಜನ, ಪಕ್ಕದ ಮನೆಯ ಆರ್ಚೀ ಕಮಾನಿಗೆ ಹೊಸ ಕೂದಲು ಹಾಕಿಸಿ ತಂದಿಟ್ಟಿದ್ದಾನೆ, ನಾವು ಊರಲ್ಲಿಲ್ಲದಾಗ, ಕುದುರೆ ಬಾಲದ ಬೆಳ್ಳನೆ ಕೂದಲು, ಇನ್ನೂ ರಾಳ ಮುಟ್ಟದ್ದು. ಅಪ್ಪ ಪೆಟ್ಟಿಗೆಯ ಪುಟ್ಟ ಗೂಡಿಗೆ ಬೆರಳು ಹಾಕಿದ, ಹುಡುಕಿದ, ಬೆರಳು ಬೆಳ್ಳಗೆ ಹೊರಬಂತು. ಬಿಲ್ಲೆ ಎಲ್ಲೇ ಮಗಳೇ. ನಂಗೇನ್ ಗೊತ್ತಪ್ಪ. ಇಲ್ಲೇ ಇತ್ತಲ್ಲ. ನಾನು ಬೆಳಿಗ್ಗೆಯೇ ತೆಗೆದಿದ್ದೆ, ನದಿಗೆ ಎಸೆಯಬೇಕೆಂದು ಸೇತುವೆಯವರೆಗೂ ಹೋಗಿದ್ದೆ, ಜೇನುಬಣ್ಣದ ಬಿಲ್ಲೆ, ನಡುವೆ ಕಮಾನು ಉಜ್ಜಿ ಉಜ್ಜಿ ಕೊರೆದ ಗೀರು, ಎಸೆಯಲಾಗಲಿಲ್ಲ, ಬಿಸಿಲಿಗೆ ಹಿಡಿದು ನೋಡಿ ಜೇಬಿಗೆ ಹಾಕಿದೆ. ಅಪ್ಪ ನನ್ನ ಮುಖ ನೋಡಿದ, ಜೇಬಿನಲ್ಲಿ ಹೂತ ನನ್ನ ಕೈ ನೋಡಿದ, ಬಲೆಯೊಳಗಿನ ಕಾಲು ನೋಡಿದ. ಅಲ್ಲಾ, ಹದಿನೇಳನೇದಕ್ಕೆ ಆ ಡಾಕ್ಟ್ರಮ್ಮ ಏನಂದ್ಲು. ಅಂಟಪ್ಪ, ಪಟ್ಟಿ ಅಂಟು. ಹೂಂ, ಅಂದ, ಬೆಳ್ಳಗಾದ ಬೆರಳನ್ನು ಪ್ಯಾಂಟಿಗೆ ಒರೆಸಲು ಹೋದವನು ಒರೆಸದೆ ಮೇಜಿನ ಮೇಲಿದ್ದ ಒದ್ದೆ ಬಟ್ಟೆಗೆ ಒರೆಸಿದ, ಪ್ರತಿ ಬೆರಳನ್ನೂ, ಉಗುರಿನ ಸಂದನ್ನೂ, ಆಮೇಲೆ ಪಿಟೀಲನ್ನು ಗದ್ದದಡಿ ಇಟ್ಟುಕೊಂಡ. ಕಮಾನು ಎಳೆದ. ಸದ್ದಿಲ್ಲ. ರಾಳ ಕಾಣದ ಕೂದಲು ತಂತಿಯ ಮೇಲೆ ಸುಮ್ಮನೆ ಜಾರಿತು, ಹೋಯಿತು, ಬಂತು, ಎಡಗೈ ಬೆರಳುಗಳು ಓಡುತ್ತಿವೆ, ಎಲ್ಲ ಸ್ವರವನ್ನೂ ಜಾಗಕ್ಕೆ ಸರಿಯಾಗಿ ಒತ್ತುತ್ತ, ಕಣ್ಣು ಮುಚ್ಚಿದ್ದಾನೆ, ಅಮ್ಮನಿಗೆ ಇಷ್ಟವಾದ ಧಾಟಿ, ಬೆರಳು ನೋಡಿಯೇ ತಿಳಿಯುತ್ತದೆ, ಬಲಪಾದ ಒಂದೇ ನೆಲಕ್ಕೆ ಬಡಿಯುತ್ತಿದೆ, ಎಡಪಾದ ಬಲೆಯೊಳಗೆ ಅದರುತ್ತಿದೆ, ನಿಲ್ಲಿಸಪ್ಪ ಅನ್ನಬೇಕು, ತಗೋ ಅನ್ನಬೇಕು, ಜೇಬಿನಲ್ಲಿ ಬಿಲ್ಲೆ ಬೆಚ್ಚಗಾಗಿದೆ, ಹೆಬ್ಬೆರಳು ಆ ಗೀರಿನಲ್ಲಿ, ಐವತ್ತೆರಡು ವರ್ಷ ಕೊರೆದಂಥ ಆ ಗೀರಿನಲ್ಲಿ, ಹೋಗುತ್ತದೆ ಬರುತ್ತದೆ, ಒಂದು ಪಾದದ ತಾಳಕ್ಕೆ, ಹೋಗುತ್ತದೆ, ಬರುತ್ತದೆ, ಆ ಗೀರಿನಲ್ಲೇ.