ನೂರು ಸಲ ಒರೆಸಿದ ಮೇಲೆ

ವೈಕುಂಠ ಸಮಾರಾಧನೆ ಮುಗಿದ ಮರುದಿನ. ನೆಂಟರೆಲ್ಲ ಹೊರಟುಹೋಗಿದ್ದರು. ಹಾಲಿನವನು ಎಂದಿನಂತೆ ಒಂದು ಲೀಟರ್ ಇಟ್ಟು ಹೋಗಿದ್ದ. ಇನ್ನು ಅರ್ಧ ಸಾಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಒಂಬತ್ತಕ್ಕೆ ಆಕರ್ಷ್‌ನ ಬಾಸ್ ನಂದಕುಮಾರ್ ಬಂದರು. ಕೂತವರೇ ನಿನ್ನೆ ಉಳಿದ ಲಾಡು ಉಂಡೆಗೆ ಕೈಹಾಕಿದರು.

ಡೆಂಗಿಯಲ್ಲಿ ಐದೇ ದಿನಕ್ಕೆ ಹೋದ ನನ್ನ ಗಂಡ ಆಕರ್ಷ್ ಇವರ ಕೈಕೆಳಗೆ ವಿಮಾನದ ಕ್ಯಾನೊಪಿಗೆ ನ್ಯಾನೋ ಲೇಪನ ಮಾಡುತ್ತಿದ್ದ. ಪೈಲಟ್‌ನ ತಲೆಯ ಮೇಲಿನ ಆ ಪಾರದರ್ಶಕ ಪ್ಲಾಸ್ಟಿಕ್ ಗುಮ್ಮಟ ಗಾಳಿಯ ಉಜ್ಜಾಟಕ್ಕೆ ವಿದ್ಯುತ್ ಕೂಡಿಸಿಕೊಳ್ಳುತ್ತದೆ, ರೇಡಿಯೋ ಕೆಡಿಸುತ್ತದೆ. ಕೂದಲಿಗಿಂತ ಸಾವಿರ ಪಟ್ಟು ತೆಳುವಾದ ಬೆಳ್ಳಿಯ ಎಳೆಗಳನ್ನು ಬಳಿದರೆ ವಿದ್ಯುತ್ ಹರಿದು ಹೋಗುತ್ತದೆ, ನೋಟಕ್ಕೂ ಅಡ್ಡಿಯಿಲ್ಲ. ಆದರೆ ಕ್ಯಾನೊಪಿಯನ್ನು ದಿನಾ ಒದ್ದೆಬಟ್ಟೆಯಲ್ಲಿ ಒರೆಸುತ್ತಾರೆ. ಅದಕ್ಕೇ ಆಕರ್ಷ್ ನನ್ನ ಹಳೇ ಕಾಟನ್ ಸೀರೆಯ ತುಂಡಿನಿಂದ ಊಟದ ಮೇಜಿನ ಮೇಲೆ ಲೇಪನ ಬಳಿದ ಪ್ಲಾಸ್ಟಿಕ್ ಶೀಟಿನ ಚೂರುಗಳನ್ನು ನೂರು ಸಲ ಒರೆಸಿ, ವಿದ್ಯುತ್ ಇನ್ನೂ ಹರಿಯುತ್ತದೆಯೇ ಎಂದು ಆಮೇಲೆ ಅಳೆಯುತ್ತಿದ್ದ. ಕಂಪನಿಯಲ್ಲಿ ಒರೆಸದೆಯೇ ಅಳೆಯುತ್ತಿದ್ದರು.

"ಏರ್ ಶೋಗೆ ಎರಡ್ ತಿಂಗಳೂ ಇಲ್ಲ ಕಣಮ್ಮ. ಆ ಹೊಸ ಶೀಟು, ಅವನ ನೋಟ್‌ಬುಕ್ಕು ಕೊಟ್ಬಿಡು. ರಿಪೋರ್ಟಲ್ಲಿ ಅವನ ಹೆಸರೇ ಮೊದ್ಲು ಹಾಕ್ತೀವಿ."

"ಯಾವ ರೀಡಿಂಗ್ ಹಾಕ್ತೀರಿ ಸರ್?"

"ಮೊದಲನೇ ಪೇಜಿಂದು, ಒರೆಸೋಕ್ ಮುಂಚಿಂದು. ಒರೆಸೋದೆಲ್ಲ ಅವನ ಹಟ. ನಾವೇನ್ ಪಾತ್ರೆ ಸೋಪ್ ಮಾಡ್ತಿದ್ದೀವಾ?"

ತಮ್ಮ ಮಾತಿಗೆ ತಾವೇ ನಕ್ಕರು. ನಗುತ್ತಲೇ ಶೀಟನ್ನು ಎತ್ತಿಕೊಂಡರು. ಆಕರ್ಷ್ ಅದನ್ನು ಕೈಗವಸಿಲ್ಲದೆ ಮುಟ್ಟಿದವನಲ್ಲ. ಅದರ ಮೇಲೆ ತುಪ್ಪದ ಐದು ಬೆರಳು ಮೂಡಿದವು. ಆ ಬೆರಳುಗಳನ್ನು ಅವರು ಅವನ ಒರೆಸುವ ಬಟ್ಟೆಗೇ ಉಜ್ಜಿಕೊಂಡರು.

ಸಿಟ್ಟಿನಿಂದ ಉಂಡೆಯ ತಟ್ಟೆಯನ್ನು ಅವರ ಮುಂದಿನಿಂದ ಎತ್ತಿಬಿಟ್ಟೆ. ಹದಿಮೂರು ದಿನ ಏನೂ ಅನಿಸಿರಲಿಲ್ಲ.

"ನೋಟ್‌ಬುಕ್ ಹುಡುಕ್ಬೇಕು ಸರ್."

"ಬೇಗ ನೋಡಮ್ಮ. ಸಂಜೆ ರೆಹಾನಾ ಸೈನ್ ಹಾಕ್ಬೇಕು."

ನೋಟ್‌ಬುಕ್ ಆಕರ್ಷ್ ಅಳೆಯಲು ಬಳಸುತ್ತಿದ್ದ ಮೀಟರಿನ ಪೆಟ್ಟಿಗೆಯಲ್ಲೇ ಇತ್ತು. ಮೀಟರ್ ರೆಹಾನಾರ ಸ್ವಂತದ್ದು. ಕಂಪನಿಯದ್ದನ್ನು ಮನೆಗೆ ಬಿಡುವುದಿಲ್ಲವೆಂದು ಆಕರ್ಷ್ ಅವರಿಂದ ತಂದಿದ್ದ. ಕಂಪನಿಯಲ್ಲಿ ಗುಣಮಟ್ಟದ ಪರೀಕ್ಷೆಗೆ ಸಹಿ ಹಾಕುವವರೂ ಅವರೇ.

ನಂದಕುಮಾರ್ ಶೀಟು ಹಿಡಿದು ಹೋದ ಮೇಲೆ ಆ ಬಟ್ಟೆಯನ್ನು ಕಸದ ಬುಟ್ಟಿಗೆ ಹಾಕಿ, ಸೀರೆಯಿಂದ ಬೇರೆ ತುಂಡು ಹರಿದೆ. ಶೀಟಿನಿಂದ ಕತ್ತರಿಸಿ ಉಳಿದಿದ್ದ ಒಂದು ಚೂರು ಡ್ರಾಯರಿನಲ್ಲಿತ್ತು. ಅಳೆದೆ. ಅರವತ್ತೆರಡು ಓಮ್, ವಿದ್ಯುತ್ ಸಲೀಸಾಗಿ ಹರಿಯುತ್ತಿತ್ತು. ಎಣಿಸುತ್ತಾ ನೂರು ಸಲ ಒರೆಸಿ ಮತ್ತೆ ಅಳೆದೆ. ಮೀಟರ್ ಏನನ್ನೂ ತೋರಿಸಲಿಲ್ಲ; ಬೆಳ್ಳಿ ಅಳಿಸಿಹೋಗಿತ್ತು. ಎರಡನೇ ಪುಟದಲ್ಲಿ ಆಕರ್ಷ್ ಬರೆದಿದ್ದೂ ಅದನ್ನೇ. ಫಿಸಿಕ್ಸ್ ಎಂ.ಎಸ್ಸಿ. ಮಾಡಿ ಐದು ವರ್ಷದ ಮೇಲೆ ಮೊದಲ ಸಲ ಒಂದು ಅಳತೆಯ ಕೆಳಗೆ ತಾರೀಖು ಹಾಕಿ ಹೆಸರು ಬರೆದೆ.

ತಣಿಸಂದ್ರದಿಂದ ಎರಡು ಬಸ್ ಹಿಡಿದು ಯಲಹಂಕದ ಫ್ಯಾಕ್ಟರಿಗೆ ಹೋದೆ. ರೆಹಾನಾ ಗೇಟಿಗೆ ಓಡಿ ಬಂದರು.

"ಅಯ್ಯೋ, ಈ ಮೀಟರ್ ಕೊಡೋಕೋಸ್ಕರ ಬಂದ್ರಾ? ನಾನೇ ಬರ್ತಿದ್ನಲ್ಲ."

"ಸೈನ್ ಹಾಕೋಕ್ ಮುಂಚೆ ಪೆಟ್ಟಿಗೆ ಒಳಗಿರೋ ನೋಟ್‌ಬುಕ್ ಓದಿ."

ನಿಂತಲ್ಲೇ ಓದಿದರು. "ಒರೆಸಿದ್ ಟೆಸ್ಟೇ ಆಗಿಲ್ಲ ಅಂದ್ರಲ್ಲ ನಂದಕುಮಾರ್ ಸರ್."

ಪ್ಲಾಸ್ಟಿಕ್ ಚೂರನ್ನೂ ಸೀರೆ ತುಂಡನ್ನೂ ಕೊಟ್ಟೆ. ಅವರು ಸಹಿ ಹಾಕುವ ಪೆನ್ನನ್ನು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದರು.

ಆಮೇಲೆ ಮೀಟರ್ ಅವರ ಕೈಗಿಟ್ಟೆ. "ಬ್ಯಾಟರಿ ಹೊಸದು ಹಾಕಿದ್ದೀನಿ," ಎಂದೆ.