ಮೊದಲ ತುತ್ತು ಹಿರಿಯರಿಗೆ

"ಅತ್ತೆ, ಬಾಯಿ ಹೇಗಿದೆ?" ಒಡಿಲ್ ಒಲೆಯ ಮುಂದಿನಿಂದಲೇ ಕೇಳಿದಳು.

"ನನ್ನ ಬಾಯಿಗೇನಾಗಿದೆ? ನಿನ್ನನ್ನ ಬೈಯೋಷ್ಟು ಗಟ್ಟಿಯಾಗೇ ಇದೆ," ಎಂದಳು ಜೆರ್ಮೇನ್, ಹಿತ್ತಿಲ ಬಾಗಿಲಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತ.

"ತುಟಿ ಜುಮ್ ಅನ್ನಲ್ವಲ್ಲ?"

"ಇಲ್ಲ ಕಣೆ. ಎಷ್ಟು ಸಲ ಕೇಳ್ತೀಯ?"

ರೋಡ್ರಿಗ್ಸ್ ದ್ವೀಪದ ಸುತ್ತಲಿನ ಹವಳದ ಬಂಡೆಸಾಲಿನಾಚೆ ಸಿಗುವ ದೊಡ್ಡ ಕೆಂಪು ಮೀನನ್ನು ನಂಬುವಂತಿಲ್ಲ. ಒಂದು ಬೆಣ್ಣೆಯ ಹಾಗೆ ಬಾಯಲ್ಲಿ ಕರಗಿದರೆ ಇನ್ನೊಂದರೊಳಗೆ ವಿಷವಿರುತ್ತದೆ. ಬಣ್ಣದಲ್ಲಿ, ವಾಸನೆಯಲ್ಲಿ, ರುಚಿಯಲ್ಲಿ ಅದು ಗೊತ್ತಾಗುವುದಿಲ್ಲ, ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ಕೆಲವರು ಬೆಕ್ಕಿಗೆ ಹಾಕಿ ನೋಡುತ್ತಾರೆ. ಈ ಮನೆಯಲ್ಲಿ ಮಾತ್ರ ಹಿರಿಯರು ಹಿಂದಿನ ಸಂಜೆಯೇ ಮೀನಿನ ತಲೆ ತಿನ್ನುವುದು, ಉಳಿದವರು ಬೆಳಗಿನವರೆಗೆ ಕಾಯುವುದು. ತುಟಿ ಜುಮ್ಮೆಂದರೆ ಬೆಕ್ಕು ಬಾಯಿಬಿಟ್ಟು ಹೇಳುತ್ತದೆಯೇ ಎನ್ನುವುದು ಜೆರ್ಮೇನಳ ವಾದ. ಅವಳ ಅತ್ತೆ ತಿನ್ನುತ್ತಿದ್ದಳು, ಈಗ ಅವಳು ತಿನ್ನುತ್ತಾಳೆ. ಮದುವೆಯಾಗಿ ಬಂದ ಹೊಸತರಲ್ಲಿ ಒಡಿಲ್, ಮುದುಕಿಗೆ ಮೀನಿನ ತಲೆಯೆಂದರೆ ಬಹಳ ಆಸೆ ಎಂದುಕೊಂಡಿದ್ದಳು. ನಿಜ ತಿಳಿದಾಗ ಅನ್ನ ಸೇರಲಿಲ್ಲ. ಆಮೇಲೆ ಅದೂ ರೂಢಿಯಾಯಿತು. ಮನುಷ್ಯರಿಗೆ ಯಾವುದು ತಾನೇ ರೂಢಿಯಾಗುವುದಿಲ್ಲ.

ಇವತ್ತು ಮೀನು ಮನೆಯವರಿಗಲ್ಲ. ದ್ವೀಪ ಸುತ್ತಿಸುವ ಸಣ್ಣ ಬಸ್ಸು ಮೊದಲ ಬಾರಿಗೆ ಈ ಬೆಟ್ಟ ಹತ್ತಿ ಬರುವುದಿತ್ತು. ದ್ವೀಪದವರದೇ ಅಡುಗೆಯೆಂದು ತಿಳಿಯಲಿ ಎಂದು ‘ಕ್ರಿಯೋಲ್ ಮನೆಯೂಟ, ಕ್ರಿಯೋಲ್ ಪಾನೀಯ’ ಅಂತ ಹಲಗೆ ಬರೆಸಿ ಒಡಿಲ್ ಗೇಟಿಗೆ ತೂಗುಹಾಕಿದ್ದಳು. ಊಟ ಹಿಡಿಸಿದರೆ ವಾರ ವಾರ ಬರುತ್ತೇವೆಂದು ಬಸ್ಸಿನ ಜಾನ್ ನೋಯೆಲ್ ಹೇಳಿದ್ದ. ಬಸ್ಸು ಓಡಿಸುವವನೂ ಅವನೇ, ಊರು ತೋರಿಸುವವನೂ ಅವನೇ. ಆ ಮಾತನ್ನು ನಂಬಿ ಒಡಿಲ್ ಪೇಟೆಯ ಹೋಟೆಲಿನಲ್ಲಿ ಚಾದರ ಒಗೆಯುವ ಕೆಲಸ ಬಿಟ್ಟಿದ್ದಳು. ಸೋಪಿನ ನೀರಿಗೆ ಬೆರಳಸಂದುಗಳೆಲ್ಲ ಬಿರಿದು ಹೋಗಿದ್ದವು, ಇನ್ನೊಂದು ವರ್ಷ ಅಲ್ಲಿದ್ದರೆ ಸೂಜಿ ಹಿಡಿಯಲೂ ಆಗದು ಎಂದು ಅವಳಿಗೆ ಗೊತ್ತಿತ್ತು. ಆದರೆ ಇದು ಆಕ್ಟೋಪಸ್ ಹಿಡಿಯಬಾರದ ಕಾಲ. ಇಲ್ಲಿಗೆ ಬರುವವರೆಲ್ಲ ಕೇಳುವುದು ಅದನ್ನೇ. ಅದರ ಬದಲಿಗೆ ಇರಲಿ ಎಂದು ಗಂಡ ರೆನಾಲ್ ಗಾಳಿಯಲ್ಲೇ ಬಂಡೆಸಾಲಿನಾಚೆ ಹೋಗಿ ಈ ಮೀನು ತಂದಿದ್ದ. ಬೆಳಗಾಗುತ್ತಲೇ ಮತ್ತೆ ಸಮುದ್ರಕ್ಕೆ ಹೋಗಿದ್ದ.

ಟೊಮೆಟೊ, ಈರುಳ್ಳಿ, ಥೈಮ್ ಎಲೆ ಹಾಕಿದ ಗೊಜ್ಜು ಕುದಿಯತೊಡಗಿತು. ಒಡಿಲ್ ಮೀನಿನ ತುಂಡುಗಳನ್ನು ಒಂದೊಂದಾಗಿ ಇಳಿಸಿದಳು. ಅವಳ ಬೆನ್ನ ಹಿಂದೆ ಜೆರ್ಮೇನ್ ತಟ್ಟೆ ತೊಳೆಯಲೆಂದು ಬಕೆಟ್ಟಿನ ತಣ್ಣೀರಿಗೆ ಕೈ ಅದ್ದಿದವಳು ಸರಕ್ಕನೆ ಹೊರಗೆಳೆದುಕೊಂಡಳು. ಆಮೇಲೆ ಏನೂ ಆಗದವಳಂತೆ ಬಟ್ಟೆ ತೆಗೆದುಕೊಂಡು ತಟ್ಟೆಗಳನ್ನು ಒಣಗೈಯಲ್ಲೇ ಒರೆಸತೊಡಗಿದಳು.

ಆ ವಿಷ ಏರಿದವರಿಗೆ ತಣ್ಣನೆಯದೆಲ್ಲ ಕೆಂಡದಂತೆ ಸುಡುತ್ತದೆ. ಇದು ಇಲ್ಲಿನ ಮಕ್ಕಳಿಗೂ ಗೊತ್ತು. ಒಡಿಲ್‌ಗೆ ಕಂಡಿತ್ತು. ಕಂಡದ್ದನ್ನು ಕಾಣದ ಹಾಗೆ ಮಾಡಿಕೊಂಡು ಅವಳು ಉಪ್ಪಿನ ಡಬ್ಬಿಗೆ ಕೈ ಚಾಚಿದಳು. ವಯಸ್ಸಾದ ಕೈ, ಬೆಳಗಿನ ಚಳಿ ಎಂದು ತನಗೆ ತಾನೇ ಹೇಳಿಕೊಂಡಳು.

ಬಸ್ಸು ಬಂತು. ರೆಯೂನಿಯನ್ ದ್ವೀಪದಿಂದ ಬಂದ ಗಂಡಸರು ಹೆಂಗಸರು ಜಗುಲಿಯ ಬೆಂಚಿನ ಮೇಲೆ ಕುಳಿತು ಜೇನು, ನಿಂಬೆ ಸಿಪ್ಪೆ ನೆನೆಹಾಕಿದ ರಮ್ ಗುಟುಕರಿಸಿದರು. ಒಬ್ಬಾಕೆ ಕಣ್ಣು ಮುಚ್ಚಿಕೊಂಡು, "ಜೇನು ಈ ಬೆಟ್ಟದ್ದೇನಾ?" ಎಂದು ಕೇಳಿದಳು. ಜಾನ್ ನೋಯೆಲ್ ತಾನೇ ಜೇನುಹುಳವಾದಂತೆ ಬೀಗಿದ.

"ಒಡಿಲ್, ಬೇಗ ಬಡಿಸಮ್ಮ. ಇವರು ಬೆಳಗ್ಗಿಂದ ಬರೀ ಗುಹೆ, ಆಮೆ ನೋಡಿದಾರೆ. ಇನ್ನು ತಡ ಮಾಡಿದ್ರೆ ನನ್ನನ್ನೇ ತಿಂತಾರೆ."

"ನಿನ್ನನ್ನ ಬೇಯಿಸೋಕೆ ಇಡೀ ದಿನ ಬೇಕು ಬಿಡು," ಎಂದು ಒಡಿಲ್ ನಕ್ಕು ಒಳಗೆ ಬಂದಳು.

ಮೊದಲ ತಟ್ಟೆಗೆ ಮೀನು ಹಾಕಿ ಮೇಲೊಂದು ಸೌಟು ಗೊಜ್ಜು ಹುಯ್ದಾಗ ಹಿತ್ತಿಲಲ್ಲಿ ಓಕರಿಕೆಯ ಸದ್ದು ಕೇಳಿಸಿತು. ಜೆರ್ಮೇನ್ ಪಪ್ಪಾಯಿ ಮರ ಹಿಡಿದು ಬಾಗಿದ್ದಳು. ಒಡಿಲ್ ತಟ್ಟೆ ಹಿಡಿದೇ ಹತ್ತಿರ ಹೋದಳು. ಮುದುಕಿಯ ತುಟಿಗಳು ಅದುರುತ್ತಿದ್ದವು.

"ಯಾವಾಗಿಂದ?"

"ರಾತ್ರಿಯಿಂದ. ಜೋರಿಲ್ಲ."

"ಯಾಕೆ ಹೇಳ್ಲಿಲ್ಲ ಅತ್ತೆ?"

"ಹೇಳಿದ್ರೆ ಆ ಜನಕ್ಕೆ ಏನು ಹಾಕ್ತಿದ್ದೆ? ಜೋಳದ ನುಚ್ಚಾ? ನಾನು ತಿಂದಿದ್ದು ತಲೆ, ಅದರಲ್ಲೇ ವಿಷ ಜಾಸ್ತಿ. ಅವರು ಗಟ್ಟಿಮುಟ್ಟಾದ ಜನ, ಒಂದೊಂದು ತುಂಡಿಗೆ ಏನೂ ಆಗಲ್ಲ ಅಂದ್ಕೊಂಡೆ." ಅವಳು ತನ್ನ ನಿಲುವಂಗಿಯ ತುದಿಯಿಂದ ಬಾಯಿ ಒರೆಸಿಕೊಂಡಳು. "ನಿನ್ನ ಕೈ ನೋಡಿದೀನಿ ಕಣೆ. ಆ ಹೋಟ್ಲಿಗೆ ನೀನು ಮತ್ತೆ ಹೋಗ್ಬಾರ್ದು."

ಒಡಿಲ್‌ಗೆ ಅತ್ತೆಯ ಮೇಲೆ ಕೆಂಡದಂಥ ಕೋಪ ಬಂತು. ಅದಕ್ಕಿಂತ ಹೆಚ್ಚು ತನ್ನ ಮೇಲೆ ಅಸಹ್ಯವಾಯಿತು. ಮುದುಕಿ ಮುಚ್ಚಿಟ್ಟಿದ್ದಳು ನಿಜ, ಆದರೆ ಬಕೆಟ್ಟಿನ ಹತ್ತಿರ ನೋಡಿಯೂ ಉಪ್ಪು ಹಾಕಿದವಳು ತಾನೇ. ತಟ್ಟೆಯಲ್ಲಿದ್ದುದನ್ನೂ ಪಾತ್ರೆಯಲ್ಲಿದ್ದುದನ್ನೂ ಬೂದಿಗುಂಡಿಗೆ ಸುರಿದು ಮೇಲೆ ಮಣ್ಣೆಳೆದಳು. ಅತ್ತೆಯನ್ನು ಚಾಪೆಯ ಮೇಲೆ ಮಲಗಿಸಿ ಕಂಬಳಿ ಹೊದಿಸಿದಳು.

ಮನೆಯವರಿಗೆಂದು ಬೇಯಿಸಿಟ್ಟಿದ್ದ ಮುಸುಕಿನ ಜೋಳದ ನುಚ್ಚು, ಕೆಂಪು ಬೀನ್ಸ್ ಕಾಳಿನ ಸಾರು, ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸ, ನಿಂಬೆ ಉಪ್ಪಿನಕಾಯಿ ಜಗುಲಿಗೆ ಹೋದವು. ಬೇರೇನೂ ಗತಿಯಿಲ್ಲದ ದಿನ ಉಣ್ಣುವ ಊಟ ಅದು. ಹುಡುಗಿಯಾಗಿ ಮಾರಿಷಸ್ಸಿನಲ್ಲಿ ಮನೆಗೆಲಸಕ್ಕಿದ್ದಾಗ ಜೆರ್ಮೇನಳನ್ನು ಅಲ್ಲಿಯವರು ಜೋಳದವಳೆಂದು ಹಂಗಿಸುತ್ತಿದ್ದರು. ಅದಕ್ಕೇ ಈ ಮನೆಯಲ್ಲಿ ನೆಂಟರ ಮುಂದೆ ಜೋಳ ಇಟ್ಟದ್ದೇ ಇಲ್ಲ.

ಬಂದವರು ತಟ್ಟೆಯ ಫೋಟೋ ತೆಗೆದರು, ತಿಂದರು, ಇನ್ನಷ್ಟು ಕೇಳಿದರು. ಹೋಟೆಲಿನಲ್ಲಿ ಇದನ್ನು ಯಾಕೆ ಕೊಡುವುದಿಲ್ಲ ಎಂದು ಒಬ್ಬ ದೂರಿದ. ಜಾನ್ ನೋಯೆಲ್ ಅಡುಗೆಮನೆಯ ಬಾಗಿಲಿಗೆ ಬಂದು ಪಿಸುಗುಟ್ಟಿದ: "ಮೀನೆಲ್ಲಿ?"

"ತಳ ಹಿಡೀತು."

"ಒಳ್ಳೇದೇ ಆಯ್ತು ಬಿಡು. ಇದನ್ನೇ ಮಾಡು. ಮುಂದಿನ ವಾರಾನೂ ಕರ್ಕೊಂಡ್ ಬರ್ತೀನಿ."

ಬಯಸಿದ್ದು ಅಂಗೈಗೆ ಬಂದಿತ್ತು. ಒಡಿಲ್ ಒಳಗೆ ತಿರುಗಿದಾಗ ಜೆರ್ಮೇನ್ ಏಳಲು ನೋಡಿ ಆಗದೆ, ಗೋಡೆಗೊರಗಿ ತನ್ನ ಕಾಲುಗಳನ್ನೇ ನೋಡುತ್ತಿದ್ದಳು.

"ನಂದಲ್ಲದ ಹಾಗಿದೆ ಕಣೆ ಕಾಲು," ಎಂದಳು. ಉಸಿರಿಗಾಗಿ ನಿಂತು, "ಅವರ ಊಟ ಮುಗೀಲಿ. ಆಮೇಲೆ ನೋಡಣ," ಎಂದಳು.

ಅತ್ತೆಯ ನಾಡಿ ಬೆರಳಿಗೆ ಸಿಗಲು ಹೊತ್ತು ಹಿಡಿಯಿತು. ಆ ಬೆಟ್ಟದ ಮೇಲೆ ಬಸ್ಸಲ್ಲದೆ ಬೇರೆ ಗಾಡಿ ಇರಲಿಲ್ಲ. ಒಡಿಲ್ ಜಗುಲಿಗೆ ಬಂದು, "ಜಾನ್ ನೋಯೆಲ್, ಅತ್ತೇನ ಈಗಲೇ ಆಸ್ಪತ್ರೆಗೆ ಸೇರಿಸ್ಬೇಕು. ಇವರು ಇಲ್ಲೇ ಕೂತಿರ್ಲಿ," ಎಂದಳು. ಅವನು ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟ.

"ಏನಾಯ್ತು ಅಜ್ಜಿಗೆ? ಬೆಳಗ್ಗೆ ಫೋನಲ್ಲಿ ನನ್ನನ್ನ ಸೋಮಾರಿ ಅಂತ ಬೈದ್ರಲ್ಲ," ಎನ್ನುತ್ತಲೇ ಒಳಗೆ ಬಂದು ಮುದುಕಿಯನ್ನು ಎತ್ತಿಕೊಂಡ.

ಬಸ್ಸು ಇಳಿಜಾರಿನಲ್ಲಿ ಹೊರಟಿತು. ಒಡಿಲ್ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಮುದುಕಿ ಅವಳ ಕೈ ಜಗ್ಗಿ ಮೆಲ್ಲಗೆ ಕೇಳಿದಳು:

"ಕೊನೆಗೆ ಏನು ಹಾಕ್ದೆ ಅವರಿಗೆ?"

"ಜೋಳದ ನುಚ್ಚು."

ಜೆರ್ಮೇನ್ ಕಣ್ಣು ಮುಚ್ಚಿಕೊಂಡಳು. "ಡಾಕ್ಟರು ಕೇಳಿದ್ರೆ ಬಿಸಿಲು ಬಡೀತು ಅನ್ನು. ಮೀನಿನ ಸುದ್ದಿ ಎತ್ತಬೇಡ. ಗೊತ್ತಾದ್ರೆ ಯಾವ ಬಸ್ಸೂ ನಿನ್ನ ಬಾಗಿಲಿಗೆ ಬರಲ್ಲ," ಎಂದಳು.

ಒಡಿಲ್ ಮುಂದಿನ ಸೀಟಿನಲ್ಲಿದ್ದವನ ಬೆನ್ನನ್ನು ನೋಡಿದಳು. ಅವನಿಗೆ ಕೇಳಿಸಲೆಂದೇ ದನಿ ಎತ್ತಿದಳು.

"ಮೀನು ಅಂತಾನೇ ಹೇಳ್ತೀನಿ ಅತ್ತೆ. ನೀವು ನಿನ್ನೆ ಸಂಜೆ ತಲೆ ತಿಂದ್ರಿ, ಇವತ್ತು ಅದೇ ಮೀನನ್ನ ನಾನು ಆ ಬಂದವರಿಗೆ ಬಡಿಸೋಕೆ ಹೊರಟಿದ್ದೆ ಅಂತ ಹೇಳ್ತೀನಿ."

ಕನ್ನಡಿಯಲ್ಲಿ ಜಾನ್ ನೋಯೆಲನ ಕಣ್ಣು ಒಮ್ಮೆ ಅವಳ ಕಡೆ ಬಂದು ಮತ್ತೆ ರಸ್ತೆಗೆ ಹೋಯಿತು. ತಿರುವು ದಾಟುತ್ತಲೇ ಸಮುದ್ರದ ಗಾಳಿ ಒಳಗೆ ನುಗ್ಗಿತು, ಮುದುಕಿ ಬೆಂಕಿ ತಾಗಿದವಳಂತೆ ಸೊಸೆಯ ಮಡಿಲಲ್ಲಿ ಮುಖ ಹುದುಗಿಸಿದಳು. ಅವನು ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ, ಹಿಂದೆ ಬಂದು, ಕಿಟಕಿಗಳ ಗಾಜನ್ನು ಒಂದೊಂದಾಗಿ ಎಳೆದು ಮುಚ್ಚಿದ.